ನನ್ನ ಕೈಯಲ್ಲಿ ಮೊಳೆಯದ ಭತ್ತ

ನನ್ನ ಕೈಗುಣದ ಬಗ್ಗೆ ನನಗೆ ಯಾವತ್ತೂ ಅನುಮಾನವಿರಲಿಲ್ಲ. ಕಿರುಗಾವಲಿನ ತವರಿನಲ್ಲಿ ನಾನು ನೆಟ್ಟ ಕರಿಬೇವು ಇವತ್ತಿಗೂ ಬೀದಿಯ ಒಗ್ಗರಣೆಗೆಲ್ಲ ಸೊಪ್ಪು ಕೊಡುತ್ತಿದೆ. ಅಂಥ ಕೈಗೆ, ಎಪ್ಪತ್ತರ ದಶಕದಲ್ಲಿ ಕೊತ್ತತ್ತಿಗೆ ಸೊಸೆಯಾಗಿ ಬಂದ ಮೊದಲ ವರ್ಷವೇ ಕೆಟ್ಟ ಹೆಸರು ಬಂತು.

ಸುಗ್ಗಿ ಮುಗಿದಿತ್ತು. ಬೇಸಿಗೆ ಬೆಳೆಗೂ ನಾಲೆಯಲ್ಲಿ ನೀರು ಬಿಡುತ್ತಾರೆಂದು ಗೊತ್ತಾದದ್ದೇ ತಡ, ಮಾವ ಮದ್ದೂರಿನ ನೆಂಟರ ಕಣದಿಂದ ಹೊಸ ತಳಿಯ ಒಂದು ಮೂಟೆ ಭತ್ತ ತಂದರು. ಬಿತ್ತನೆ ಭತ್ತ ನೆನೆಸಿ, ಗೋಣಿಯಲ್ಲಿ ಕಟ್ಟಿ, ಹುಲ್ಲು ಮುಚ್ಚಿ, ಮೇಲೆ ಕಲ್ಲು ಹೇರಿ ಮೊಳಕೆ ಬರಿಸುವುದು ನಮ್ಮಲ್ಲಿ ಹೆಂಗಸರ ಕೆಲಸ. ಮನೆಯಲ್ಲಿದ್ದ ಹಿಂದಿನ ವರ್ಷದ ಭತ್ತವನ್ನು ಅತ್ತೆ ಕಟ್ಟಿದರು, ಹೊಸದನ್ನು ನನಗೆ ಕೊಟ್ಟರು. ಮೂರನೆಯ ದಿನ ಅವರ ಗೋಣಿ ಬಿಚ್ಚಿದರೆ ಬೆಳ್ಳಗೆ ಮೊಳಕೆ. ನನ್ನದರಲ್ಲಿ ಕಾಳು ಕಾಳಾಗಿಯೇ ಇತ್ತು. ಇನ್ನೆರಡು ದಿನಕ್ಕೆ ಹುಳಿ ವಾಸನೆ ಬಂದು ಕೋಳಿಗಳ ಪಾಲಾಯಿತು.

ಅತ್ತೆ ಜಗಲಿಯಲ್ಲಿ ನಿಂತು ಎದುರು ಮನೆಯವರಿಗೆ ಹೇಳಿದರು: "ಏನ್ ಮಾಡದು ಕಣಮ್ಮ, ನಮ್ ಸೊಸೆ ಕೈಗುಣ ಸರಿಯಿಲ್ಲ."

ಅಂದಿನಿಂದ ಬೀಜದ ಮಡಕೆ ನಾನು ಮುಟ್ಟುವಂತಿರಲಿಲ್ಲ. ಹಿತ್ತಿಲ ಅವರೆ ಬಳ್ಳಿಗೂ ನನ್ನ ಕೈ ಸೋಕಬಾರದು. ನನಗೆ ಕೋಪ ನೆತ್ತಿಗೇರಿತು. ಬೇಸಾಯದ ಮನೆಯಲ್ಲಿ ಇಂಥ ಹೆಸರು ಹೊತ್ತು ಬಾಳುವುದಾದರೂ ಹೇಗೆ?

ಹೊಸ ತಳಿಗಳನ್ನು ಬೆಳೆದು ನೋಡುವ ಸರ್ಕಾರಿ ವಿ.ಸಿ. ಫಾರಂಗೆ ಕೂಲಿಗೆ ಹೋಗುತ್ತಿದ್ದ ಪಕ್ಕದ ಬೀದಿಯ ಹೆಂಗಸಿನ ಹತ್ತಿರ ಹೇಳಿಕೊಂಡೆ. ಅವಳು ನಕ್ಕುಬಿಟ್ಟಳು.

"ಕಣದಿಂದ ಬಂದ ಬತ್ತ ಹಸಿ ಬಾಣಂತಿ ಇದ್ದಂಗೆ ಕಣವ್ವ. ಬಿಸ್ಲು ಕಾಯ್ಸಿ ಮನಗಾಕ್ ಬುಡ್ಬೇಕು, ಆಮೇಲೇ ಎದ್ದು ಗೇಯದು."

ನನಗೆ ಆಗ ಹೊಳೆಯಿತು. ಪ್ರತಿ ವರ್ಷ ಬೀಜದ ಭತ್ತ ಆರು ತಿಂಗಳು ಕಾಳು ತುಂಬಿಡುವ ಮಣ್ಣಿನ ವಾಡೆಯೊಳಗೆ ನಿದ್ದೆ ಮುಗಿಸಿಯೇ ಹೊರಗೆ ಬರುತ್ತಿತ್ತು. ಅದಕ್ಕೂ ನಿದ್ದೆಯಿದೆ ಎಂದು ನಮ್ಮ ಮನೆಯಲ್ಲಿ ತಿಳಿಯಬೇಕಾದ ಸಂದರ್ಭವೇ ಬಂದಿರಲಿಲ್ಲ.

ಮೂಟೆಯ ತಳದಲ್ಲಿ ಹೊಸ ಭತ್ತ ಸ್ವಲ್ಪ ಉಳಿದಿತ್ತು. ಬಿಸಿಲು ಕಾಯಿಸಿದರೆ ನಿದ್ದೆ ಬೇಗ ಮುಗಿಯುತ್ತದೇನೋ ಎಂದು ಒಂದು ಹಿಡಿಯನ್ನು ವಾರವಿಡೀ ಅಂಗಳದಲ್ಲಿ ಹರವಿದೆ. ಆಮೇಲೆ ಅದನ್ನೂ, ಮೂಟೆಯಿಂದ ಆಗಷ್ಟೇ ತೆಗೆದ ಇನ್ನೊಂದು ಹಿಡಿಯನ್ನೂ ಅತ್ತೆಯ ಕೈಗೇ ಕೊಟ್ಟು, ನೀವೇ ಕಟ್ಟಿ ನೋಡಿ ಅಂದೆ. ಬಿಸಿಲಿನ ವಿಷಯ ಬಾಯಿ ಬಿಡಲಿಲ್ಲ.

ಮೂರನೆಯ ದಿನ ಬಿಸಿಲು ಕಂಡ ಗಂಟಿನಲ್ಲಿ ಮೊಳಕೆ ತುಂಬಿತ್ತು. ಇನ್ನೊಂದರಲ್ಲಿ ನಾಲ್ಕೈದು ಕಾಳು ಬಾಯಿ ಬಿಟ್ಟದ್ದು ಬಿಟ್ಟರೆ ಏನೂ ಇಲ್ಲ. 'ನಿಮ್ಮ ಕೈಗೇನಾಯ್ತು ಅತ್ತೆ' ಎಂದು ಕೇಳಲು ವಾರದಿಂದ ಮಾತು ಮಸೆದಿಟ್ಟಿದ್ದೆ. ಆದರೆ ಅವರು ಮೊಳೆಯದ ಗಂಟನ್ನು ಮಾವನಿಗೆ ಕಾಣದಂತೆ ಸೆರಗಿನಲ್ಲಿ ಮುಚ್ಚಿಕೊಂಡರು. ನನಗೆ ಅಯ್ಯೋ ಅನ್ನಿಸಿತು. ಮಾತು ನುಂಗಿಕೊಂಡು ಬಿಸಿಲಿನ ವಿಷಯವನ್ನೆಲ್ಲ ಹೇಳಿದೆ.

ಅವರು ಆ ಗಂಟನ್ನು ಸೆರಗಿನಿಂದ ತೆಗೆದು, ಅದೇ ಜಗಲಿಗೆ ಹೋಗಿ, ಎದುರು ಮನೆಯವರನ್ನು ಕೂಗಿ ಕರೆದರು.

"ನಮ್ ಸೊಸೆ ಕೈಯಲ್ಲಿ ಐಬಿಲ್ಲ ಕಣಮ್ಮ. ನಾನ್ ಕಟ್ಟಿದ್ದೂ ಮೊಳೀಲಿಲ್ಲ, ನೋಡಿಲ್ಲಿ."