ಕೊನೆಯ ಪುಟವನ್ನು ಮೊದಲು ಓದುವ ಓಂಕಾರಪ್ಪ

ಧರ್ಮೇಶ್ ತೀರಿಕೊಂಡ ಸುದ್ದಿ ಚಿಕ್ಕಮಗಳೂರಿಗೆ ಬಂದದ್ದು ಎರಡು ವರ್ಷದ ಹಿಂದೆ, ಒಂದು ಬೆಳಗಿನ ಜಾವ. ಕೋರ್ಟಿನ ಎದುರಿನ ಓಣಿಯಲ್ಲಿ ಪತ್ರ ಬರೆಯುವ ಓಂಕಾರಪ್ಪ ಆಗಷ್ಟೇ ಅಂಗಡಿ ತೆರೆದಿದ್ದರು. ಫೋನಿನಲ್ಲಿ ಧರ್ಮೇಶನ ಹೆಂಡತಿ ಅರುಣಾ. "ಓಂಕಾರಣ್ಣ, ದೆಹಲಿ ಲಾಡ್ಜಿನವ್ರು ಫೋನ್ ಮಾಡಿದ್ರು. ಇವ್ರು ಎದ್ದೇ ಇಲ್ವಂತೆ." ಅಂದು ಅಲ್ಲಿ ಅವನ ಕೇಸಿನ ಏಳನೆಯ ವಾಯಿದೆ. ಓಂಕಾರಪ್ಪ ಬಾಗಿಲು ಹಾಕಿ ಧರ್ಮೇಶನ ಮನೆಯಿರುವ ಮಲ್ಲಂದೂರಿನ ಬಸ್ಸು ಹತ್ತಿದರು.

ಈಗಲೂ ಮಂಜು ಕರಗುವ ಮೊದಲೇ ಅವರು ಮೇಜಿನ ಮುಂದೆ ಕೂತಿರುತ್ತಾರೆ. ಮೂವತ್ತೊಂದು ವರ್ಷದ ಕೆಲಸ. ದಿನಕ್ಕೆ ಹತ್ತು ಹನ್ನೆರಡು ಪತ್ರ: ಕ್ರಯ, ವಿಭಾಗ, ಬಾಡಿಗೆ. ಈಚೆಗೆ ಫ್ರಾಂಚೈಸಿ ಕರಾರುಗಳೂ ಬರುತ್ತವೆ. ಹೆಸರು ಕಂಪನಿಯದು, ಸರಕು ಕಂಪನಿಯದು, ಅಂಗಡಿ ನಡೆಸುವ ಪಾಡು ಮಾತ್ರ ನಮ್ಮವರದು. ಇಂಗ್ಲಿಷಿನಲ್ಲಿ ಬರುವ ಆ ಕರಾರುಗಳನ್ನು ಕನ್ನಡದಲ್ಲಿ ಓದಿ ಹೇಳುವುದು ಓಂಕಾರಪ್ಪನವರ ಕೆಲಸ. ಜಮೀನಿನ ನಾಲ್ಕು ದಿಕ್ಕಿನ ಎಲ್ಲೆ ಹೇಳುವ ಚಕ್ಕುಬಂದಿಯನ್ನು ಎರಡೆರಡು ಸಲ ಓದಿ, ಕಡೆಯ ಸಾಲುಗಳು ಎಲ್ಲ ಪತ್ರಕ್ಕೂ ಒಂದೇ ಎಂದು ಬಿಟ್ಟುಬಿಡುವುದು ಈ ಓಣಿಯ ಹಳೆಯ ರೂಢಿ.

ಧರ್ಮೇಶನದು ಕಾಫಿಪುಡಿಯ ಅಂಗಡಿ. ಊರಿನಲ್ಲಿ ಇನ್ನೊಂದು ಅಂಗಡಿ ಕೊಡುವುದಿಲ್ಲ ಎಂದಿದ್ದ ಕಂಪನಿ ವರ್ಷದೊಳಗೆ ಪಕ್ಕದ ಬೀದಿಯಲ್ಲೇ ಕೊಟ್ಟಿತು. ಅವನು ಇಲ್ಲಿ ದಾವೆ ಹಾಕಿದ. ದಾವೆ ವಾಪಸು ಬಂತು. ಕಂಪನಿ ಕಚೇರಿ ದೆಹಲಿಯಲ್ಲಿ, ಅಂಗಡಿ ಇಲ್ಲಿ. ಎರಡು ಕಡೆಯ ಕೋರ್ಟೂ ಕೇಳಬಹುದಾಗಿದ್ದ ತಕರಾರು. ಆದರೆ ಕರಾರಿನ ಕೊನೆಯ ಪುಟದ 'ದೆಹಲಿಯ ನ್ಯಾಯಾಲಯದಲ್ಲಿ ಮಾತ್ರ' ಎಂಬುದಕ್ಕೆ ಅವನ ಸಹಿ ಬಿದ್ದಿತ್ತು. ಹಾಗಾಗಿ ಕೇಸು ದೆಹಲಿಗೆ ಹೋಯಿತು.

ಕಳೆದ ತಿಂಗಳು ಅತ್ತಿಗುಂಡಿಯ ರಂಜಿತಾ ಐಸ್‌ಕ್ರೀಮ್ ಅಂಗಡಿಯ ಕರಾರು ಹಿಡಿದು ಬರುತ್ತಾಳೆ. "ಕೊನೇ ಪುಟ ತೆಗಿಯಮ್ಮ ಮೊದ್ಲು" ಎನ್ನುತ್ತಾರೆ ಓಂಕಾರಪ್ಪ.

"ಮದ್ವೆ ಕಾಗ್ದನೂ ಹಿಂದಿನಿಂದ್ಲೇ ಓದ್ತೀರೇನು ದೊಡ್ಡಪ್ಪ?"

ಅವರು ನಗುವುದಿಲ್ಲ. "ತಕರಾರು ಬಂದ್ರೆ ಮುಂಬೈ ಕೋರ್ಟು ಮಾತ್ರ ಅಂತಿದೆ. ಚಿಕ್ಕಮಗಳೂರು ಅಂತ ಮಾಡಿಸ್ಕೊ."

"ಎಲ್ರಿಗೂ ಇದೇ ಫಾರಂ ಅಂತಾರೆ. ಸಂಜೆಯೊಳಗೆ ಸೈನ್ ಹಾಕ್ಬೇಕು. ಎಲ್ರೂ ಹಾಕಿದಾರೆ, ನಂಗೊಬ್ಳಿಗೇ ಯಾಕೆ ತಕರಾರು ಬರತ್ತೆ?" ಎಂದು ಅವಳು ಪೆನ್ನು ತೆಗೆಯುತ್ತಾಳೆ.

ಓಂಕಾರಪ್ಪ ಕಾಗದದ ಮೇಲೆ ಕೈ ಇಡುತ್ತಾರೆ. ಯಾರಿಗೂ ಹೇಳದಿದ್ದ ಮಾತು ಆಗ ಹೊರಬೀಳುತ್ತದೆ. "ಧರ್ಮೇಶನ ಕರಾರು ಓದಿ ಹೇಳಿದ್ದು ನಾನೇ. ಈ ಪುಟ ಓದ್ಲಿಲ್ಲ. ಎಲ್ರಿಗೂ ಒಂದೇ ಮಾರಾಯ, ಹಾಕು ಅಂದೆ. ಹಾಕ್ದ."

ರಂಜಿತಾ ಪೆನ್ನು ಮುಚ್ಚುತ್ತಾಳೆ. "ನಮ್ಮೂರ ಕೋರ್ಟು ಅಂತ ಬರ್ದು ಕೊಡಿ. ಒಪ್ಪಿದ್ರೆ ಸೈನು, ಇಲ್ದಿದ್ರೆ ಬೇಡ." ಅವರು ಬರೆದುಕೊಟ್ಟರು. ಕಂಪನಿ ಒಪ್ಪಲಿಲ್ಲ, ಅಂಗಡಿ ಬೇರೆಯವರ ಪಾಲಾಯಿತು. "ನೀವು ನನ್ನ ಉಳಿಸಿದ್ರೋ, ಬದುಕು ಕಳೆದ್ರೋ ಗೊತ್ತಿಲ್ಲ ದೊಡ್ಡಪ್ಪ" ಎಂದಳಂತೆ.

ಇದನ್ನೆಲ್ಲ ಪತ್ರಿಕೆಯಲ್ಲಿ ಹಾಕಬಹುದೇ ಎಂದರೆ ತಲೆಯಾಡಿಸುತ್ತಾರೆ. "ಹಾಕಿ. ಅರುಣಮ್ಮಂಗೆ ನಾನೇ ಹೋಗಿ ಹೇಳಿ ಬಂದಿದೀನಿ. 'ನೀವು ಓದಿದ್ರೂ ಅವ್ರು ಸೈನ್ ಹಾಕ್ತಿದ್ರು ಅಣ್ಣ' ಅಂದ್ಳು. ಇರಬಹುದು. ಆದ್ರೆ ನಾನು ಓದ್ಬೇಕಿತ್ತು."

ಸೋಮವಾರಗಳಂದು ಈಶ್ವರನ ಗುಡಿಯಲ್ಲಿ ಅವರು ತಮಗೆಂದು ಏನನ್ನೂ ಬೇಡುವುದಿಲ್ಲ. ಕೈ ಮುಗಿದು, ತುಟಿ ಅಲುಗಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ ಹೇಳುತ್ತಾರೆ: "ಸ್ವಾಮಿ, ನಮ್ಮ ಹುಡುಗ ಧರ್ಮೇಶ ದೂರ ಅಲೆದು ದಣಿದಿದಾನೆ. ಅವನ ಜೀವಕ್ಕೆ ಶಾಂತಿ ಕೊಡು. ನಿನ್ನ ಪಾದದ ಹತ್ರ ಮಲಗಿಸ್ಕೋ."