ದೊಡ್ಡಪ್ಪನ ಸೋಮವಾರದ ಉಂಡೆ

ದೊಡ್ಡಪ್ಪನ ಮೂಗಿನ ಹೊಳ್ಳೆಗಳ ಅಂಚು ಯಾವಾಗಲೂ ಕಂದುಬಣ್ಣಕ್ಕಿರುತ್ತಿತ್ತು. ಎಷ್ಟು ಒರೆಸಿಕೊಂಡರೂ ಹೋಗದ ಎರಡು ಗೆರೆ ಮೇಲ್ತುಟಿಯ ತನಕ ಇಳಿದಿದ್ದವು. ಬಲಗೈಯ ಹೆಬ್ಬೆರಳು, ತೋರುಬೆರಳಿನದೂ ಅದೇ ಬಣ್ಣ. ಬೆಳಗಿನಿಂದ ಸಂಜೆಯವರೆಗೆ ನಶ್ಯ ಏರಿಸುತ್ತಿದ್ದ ಆ ಮೂಗಿಗೆ ಒಲೆಯ ಮೇಲೆ ಹಾಲು ಸೀದು ಮನೆಯೆಲ್ಲ ಹೊಗೆಯಾದರೂ ಗೊತ್ತಾಗುತ್ತಿರಲಿಲ್ಲ. ಆದರೆ ಭಂಗಿಸೊಪ್ಪಿನ ವಿಷಯಕ್ಕೆ ಬಂದರೆ, ತಮ್ಮಷ್ಟು ವಾಸನೆ ಬಲ್ಲವರು ನಂಜನಗೂಡು ತಾಲ್ಲೂಕಿನಲ್ಲೇ ಇಲ್ಲ ಎಂದು ಅವರು ನಂಬಿದ್ದರು. ಕೇಳಿದವರಿಗೂ ಕೇಳದವರಿಗೂ ಅದನ್ನೇ ಹೇಳುತ್ತಿದ್ದರು.

ತೊಂಬತ್ತರ ದಶಕದ ಮಧ್ಯದಲ್ಲಿ ನನಗೆ ಚಿಕ್ಕಯ್ಯನಛತ್ರದ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತು. ನಮ್ಮೂರು ಹೆಮ್ಮಿಗೆಯಿಂದ ದಿನಾ ಹೋಗಿಬರುವುದು ಆಗದ ಮಾತು. ಹಾಗಾಗಿ ನಂಜನಗೂಡಿನಲ್ಲಿದ್ದ ದೊಡ್ಡಪ್ಪನ ಮನೆಯಲ್ಲಿ ಉಳಿದುಕೊಂಡೆ. ದೊಡ್ಡಪ್ಪ ಯಾವುದೋ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಮನೆಯಲ್ಲಿ ಅವರು, ದೊಡ್ಡವ್ವ, ಇಬ್ಬರೇ. ಮಕ್ಕಳಿರಲಿಲ್ಲ. ದೊಡ್ಡವ್ವ ನನ್ನನ್ನು ಮಗಳ ಹಾಗೆ ನೋಡಿಕೊಂಡಳು. ದೊಡ್ಡಪ್ಪ ನನ್ನನ್ನು ತಮ್ಮ ಭಾಷಣದ ಶ್ರೋತೃವಿನ ಹಾಗೆ ನೋಡಿಕೊಂಡರು.

ಪ್ರತಿ ಸೋಮವಾರ ಅವರ ಮನೆಯಲ್ಲಿ ಭಂಗಿ ಉಂಡೆ ಆಗಬೇಕು. ಕಾಡಂಚಿನ ಊರಿನವನೊಬ್ಬ ತಿಂಗಳಿಗೊಮ್ಮೆ ಹಳೇ ಪೇಪರಿನಲ್ಲಿ ಸುತ್ತಿದ ಪೊಟ್ಟಣ ತಂದುಕೊಟ್ಟು, ಯಾರಾದರೂ ನೋಡಿಯಾರು ಎಂದು ಹಿತ್ತಲ ಬಾಗಿಲಿನಿಂದಲೇ ಹೋಗುತ್ತಿದ್ದ. ದೊಡ್ಡಪ್ಪ ಅದನ್ನು ಬಿಚ್ಚಿ, ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಈ ಸಲದ್ದು ಒಳ್ಳೇ ಮಾಲು ಎಂದೋ ಮಳೆ ಹೆಚ್ಚಾಗಿ ಸತ್ವ ಇಳಿದಿದೆ ಎಂದೋ ತೀರ್ಪು ಕೊಡುತ್ತಿದ್ದರು. ಆಮೇಲೆ ನಡುಮನೆಯ ಈಸಿಚೇರಿನಲ್ಲಿ ಕಾಲು ಚಾಚಿಕೊಂಡು ಅಪ್ಪಣೆ ಶುರು. ಸೊಪ್ಪನ್ನು ಎಷ್ಟು ನೀರಿನಲ್ಲಿ ತೊಳೆಯಬೇಕು, ನೆರಳಿನಲ್ಲಿ ಹೇಗೆ ಒಣಗಿಸಬೇಕು, ತುಪ್ಪದಲ್ಲಿ ಯಾವ ಬಣ್ಣಕ್ಕೆ ಬರುವ ತನಕ ಕೈಯಾಡಿಸಬೇಕು. ತೊಳೆಯುವವಳು, ಒಣಗಿಸುವವಳು, ಕುಟ್ಟುವವಳು, ಒಲೆ ಮುಂದೆ ಬೇಯುವವಳು ದೊಡ್ಡವ್ವ. ಬೆಲ್ಲ, ಕೊಬ್ಬರಿ, ಗಸಗಸೆ ಸೇರಿಸಿ ಉಂಡೆ ಕಟ್ಟುವವಳೂ ಅವಳೇ. ಒಮ್ಮೆ ನಾನು, ಅಷ್ಟೆಲ್ಲ ಗೊತ್ತಿದ್ದರೆ ನೀವೇ ಒಂದು ಸಲ ಮಾಡಬಾರದೇ ದೊಡ್ಡಪ್ಪ ಎಂದು ಕೇಳಿದೆ. ಅವರು ನನ್ನನ್ನು ಕನಿಕರದಿಂದ ನೋಡಿದರು.

"ಇದು ಶಾಸ್ತ್ರ ಕಣವ್ವ, ಅಡುಗೆ ಅಲ್ಲ. ಎಂಗಸ್ರಿಗೆ ಇದ್ರ ಹದ ಗೊತ್ತಾಗಕ್ಕಿಲ್ಲ."

ಆ ಹದ ಗೊತ್ತಿಲ್ಲದ ಹೆಂಗಸು ಒಳಗೆ ಹೊಗೆಯಲ್ಲಿ ಕೆಮ್ಮುತ್ತಾ ಸೌಟು ಆಡಿಸುತ್ತಿದ್ದಳು.

ಸಂಜೆಗೆ ಜಗಲಿಯ ಮೇಲೆ ಸಭೆ. ಬಿತ್ತನೆಬೀಜದ ಅಂಗಡಿಯವರು, ನಿವೃತ್ತ ಪೋಸ್ಟ್ ಮಾಸ್ಟರು, ಒಬ್ಬರು ಬಸ್ ಕಂಡಕ್ಟರು. ಒಬ್ಬೊಬ್ಬರಿಗೂ ಒಂದೊಂದು ಉಂಡೆ. ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಳ್ಳುವರು. ಅರ್ಧ ಗಂಟೆಗೆ ನಾಟಕ ಶುರುವಾಗುತ್ತಿತ್ತು. ಬೀಜದಂಗಡಿಯವರು ಹೊಟ್ಟೆ ಹಿಡಿದುಕೊಂಡು ನಗುವರು. ಪೋಸ್ಟ್ ಮಾಸ್ಟರು ಎಂದೋ ತೀರಿಹೋದ ತಮ್ಮನನ್ನು ನೆನೆದು ಅಳುವರು. ಕಂಡಕ್ಟರು ತಮ್ಮ ಅಂಗೈಯನ್ನೇ ನೋಡುತ್ತಾ ಕೂರುವರು. ದೊಡ್ಡಪ್ಪ ಮಾತ್ರ ಜೀವ, ಶಿವ, ಬ್ರಹ್ಮಾಂಡ ಎಂದು ಉಪನ್ಯಾಸಕ್ಕೆ ಇಳಿಯುವರು. ಇಡೀ ಜನ್ಮದಲ್ಲಿ ಒಂದು ವಚನವನ್ನು ನೆಟ್ಟಗೆ ಹೇಳಲು ಬಾರದ ಮನುಷ್ಯ ಅಂದು ಶಿವನ ಪಕ್ಕದ ಮನೆಯವರ ಹಾಗೆ ಮಾತಾಡುತ್ತಿದ್ದರು. ಒಳಗೆ ಕನ್ನಡ ನೋಟ್ಸು ತಿದ್ದುತ್ತಿದ್ದ ನನಗೆ ಎದ್ದು ಹೋಗಿ ನಾಲ್ವರ ತಲೆಯ ಮೇಲೂ ಒಂದೊಂದು ಕೊಡ ನೀರು ಸುರಿಯಬೇಕು ಅನ್ನಿಸುತ್ತಿತ್ತು. ಶಾಲೆಯಲ್ಲಿ ಮೂರನೇ ಕ್ಲಾಸಿನ ಮಕ್ಕಳು ಇವರಿಗಿಂತ ಎಷ್ಟೋ ವಾಸಿ.

ಎರಡು ಸಾವಿರದ ನಂತರದ ಒಂದು ವರ್ಷ ದೊಡ್ಡವ್ವನಿಗೆ ಗರ್ಭಕೋಶದ ಕ್ಯಾನ್ಸರ್ ಎಂದು ಗೊತ್ತಾಯಿತು. ಆಗಲೇ ತಡವಾಗಿತ್ತು. ಮೈಸೂರಿನ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದರು. ಕೊಟ್ಟ ಮಾತ್ರೆಗಳು ಮೊದಮೊದಲು ನೋವನ್ನು ನಾಲ್ಕು ಗಂಟೆ ತಡೆಯುತ್ತಿದ್ದವು, ಆಮೇಲೆ ಒಂದು ಗಂಟೆಯೂ ಇಲ್ಲ. ನೋವು ಬಂದಾಗ ಅವಳು ಕೂಗುತ್ತಿರಲಿಲ್ಲ. ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಿದ್ದಳು. ಸೀರೆಗಳ ಸೆರಗೆಲ್ಲ ತೂತು ಬಿದ್ದಿತ್ತು. ನಾನು ರಜೆ ಹಾಕಿ ಅವಳ ಪಕ್ಕ ಕೂತೆ. ದೊಡ್ಡಪ್ಪ ಬಾಗಿಲ ಹತ್ತಿರ ನಿಂತು ಕರ್ಮದ ಬಗ್ಗೆ ಎರಡು ಮಾತು ಹೇಳಿ ಜಗಲಿಗೆ ಹೋಗುತ್ತಿದ್ದರು.

ಒಂದು ದಿನ ಅವರು ಹೊಸ ಪೊಟ್ಟಣ ತಂದು ನನ್ನ ಕೈಗಿಟ್ಟು, ಇವಳಿಗೂ ಉಂಡೆ ಮಾಡಿಕೊಡು, ಇಷ್ಟು ವರ್ಷದ ನನ್ನ ವಿದ್ಯೆ ಈಗಲ್ಲದೆ ಇನ್ಯಾವಾಗ ಉಪಯೋಗಕ್ಕೆ ಬರಬೇಕು ಎಂದರು. ಅವರು ಆಚೆ ಹೋದ ಮೇಲೆ ದೊಡ್ಡವ್ವ ನಕ್ಕಳು. ನಗು ನೋವಾಗಿ, ಸ್ವಲ್ಪ ಹೊತ್ತು ಸುಧಾರಿಸಿಕೊಂಡು ನನ್ನನ್ನು ಹತ್ತಿರ ಕರೆದಳು.

ಅವಳು ಹೇಳಿದ್ದು ಇಷ್ಟು. ನಾನು ಆ ಮನೆಗೆ ಬರುವುದಕ್ಕೂ ಮುಂಚೆ ಒಂದು ಸೋಮವಾರ ಪೋಸ್ಟ್ ಮಾಸ್ಟರು ಉಂಡೆ ತಿಂದು ಕಪಿಲೆಯ ಸ್ನಾನಘಟ್ಟಕ್ಕೆ ಹೋಗಿ ಕುತ್ತಿಗೆ ಮಟ್ಟದ ನೀರಿನಲ್ಲಿ ನಿಂತುಬಿಟ್ಟಿದ್ದರಂತೆ. ಹೊರಗೆ ಬನ್ನಿ ಎಂದವರಿಗೆ, ನಾನು ಮನೆಯಲ್ಲೇ ಇದ್ದೇನಲ್ಲ ಎಂದರಂತೆ. ಅಂಬಿಗರು ಎಳೆದು ತಂದರು. ಮಾರನೇ ದಿನ ಅವರ ಹೆಂಡತಿ ಬಂದು ದೊಡ್ಡವ್ವನ ಕಾಲು ಹಿಡಿದುಕೊಂಡು ಅತ್ತಳು. ಅಂದಿನಿಂದ ಬಂದ ಪೊಟ್ಟಣವನ್ನೆಲ್ಲ ದೊಡ್ಡವ್ವ ಹಿತ್ತಲ ಗೊಬ್ಬರದ ಗುಂಡಿಗೆ ಹಾಕಿ ಮೇಲೆ ಸಗಣಿ ಸುರಿಯುತ್ತಿದ್ದಳು. ಉಂಡೆಗೆ ಹಾಕುತ್ತಿದ್ದದ್ದು ಹಿತ್ತಲಲ್ಲೇ ಬೆಳೆದ ನುಗ್ಗೆಸೊಪ್ಪು. ಬೆಣ್ಣೆ ಕಾಯಿಸುವಾಗ ಘಮಕ್ಕೆ ಒಂದು ಹಿಡಿ ಹಾಕುತ್ತೇವಲ್ಲ, ಅದೇ.

ಅಂದರೆ ನಾನು ನೋಡಿದ ಆ ನಗು, ಆ ಅಳು, ಆ ಬ್ರಹ್ಮಾಂಡದ ಉಪನ್ಯಾಸ ಎಲ್ಲವೂ ನುಗ್ಗೆಸೊಪ್ಪಿನದು. ದೊಡ್ಡಪ್ಪನ ಮೇಲೆ ನನಗೆ ಮೊದಲೂ ಗೌರವವಿರಲಿಲ್ಲ. ಆ ಹೊತ್ತು ಅವರನ್ನು ಬೈಯಲೂ ಮನಸ್ಸಾಗದಷ್ಟು ಅಸಹ್ಯವಾಯಿತು. ಆಯಿತು, ನಾನೂ ನುಗ್ಗೆಸೊಪ್ಪನ್ನೇ ಹಾಕುತ್ತೇನೆ ಬಿಡು ಎಂದೆ. ದೊಡ್ಡವ್ವ ನನ್ನ ಮಣಿಕಟ್ಟು ಹಿಡಿದುಕೊಂಡಳು.

"ಬ್ಯಾಡ ಮಗ. ಈ ಸಲ ಅವ್ರು ತಂದದ್ದನ್ನೇ ಆಕು. ತಡಕಳಕ್ಕೆ ಆಗ್ತಾ ಇಲ್ಲ."

ಆಗಲಿ ಎಂದು ಅಡುಗೆಮನೆಗೆ ಹೋದೆ. ಪೊಟ್ಟಣ ಬಿಚ್ಚಿದೆ. ಬಾಣಲೆಯಲ್ಲಿ ತುಪ್ಪ ಕರಗಿತ್ತು. ಎಷ್ಟು ಹಾಕಬೇಕು, ಅಷ್ಟು ನಿತ್ರಾಣವಾದ ಜೀವ ತಡೆದೀತೇ, ಏನಾದರೂ ಹೆಚ್ಚುಕಮ್ಮಿಯಾದರೆ ಮಾಡಿದವರು ಯಾರು ಎಂದು ಕೇಳುವುದಿಲ್ಲವೇ, ನನ್ನದು ಸರ್ಕಾರಿ ಕೆಲಸ. ನಿಜ ಹೇಳುತ್ತೇನೆ, ಈ ಕೊನೆಯ ಯೋಚನೆಯೇ ಮೊದಲು ಬಂದದ್ದು. ಹಿತ್ತಲಿಗೆ ಹೋಗಿ ನುಗ್ಗೆಯ ಕೊಂಬೆ ಬಗ್ಗಿಸಿದೆ. ಪೊಟ್ಟಣ ಗುಂಡಿಗೆ ಹೋಯಿತು.

ಉಂಡೆಯನ್ನು ಚೂರು ಮಾಡಿ ಅವಳ ಬಾಯಿಗಿಟ್ಟೆ. ದೊಡ್ಡವ್ವ ಎರಡು ಸಲ ಜಗಿದು ನಿಲ್ಲಿಸಿದಳು. ಅಷ್ಟು ವರ್ಷ ಸೋಮವಾರ ಸೋಮವಾರ ಅದೇ ಉಂಡೆ ಕಟ್ಟಿದವಳ ನಾಲಿಗೆ ಅದು. ನನ್ನ ಮುಖ ನೋಡಿದಳು. ನಾನು ಕಿಟಕಿಯ ಕಡೆ ನೋಡಿದೆ.

"ಎದ್ರಿಕೆ ಆಯ್ತಾ ಮಗ?" ಎಂದಳು. ಬಾಯಿ ತೆರೆದು ಉಳಿದದ್ದನ್ನೂ ತಿಂದಳು.

ದೊಡ್ಡಪ್ಪ ಬಂದು ಹೇಗಿದೆ ಎಂದು ಕೇಳಿದರು. ಅವಳು ನನ್ನ ಕೈಯನ್ನು ಹೊದಿಕೆಯೊಳಗೆ ಹಿಡಿದುಕೊಂಡೇ, ಆರಾಮಾಗಿ ಅದೆ ಕಣ್ರೀ, ನೋವು ಪೂರ್ತಿ ಇಳೀತು ಎಂದಳು. ಹಾಗೆ ಹೇಳುವಾಗ ಅವಳ ಉಗುರುಗಳು ನನ್ನ ಅಂಗೈಗೆ ನಾಟುತ್ತಿದ್ದವು. ನಾನು ಆಗಲಾದರೂ ಇನ್ನೊಂದು ಪೊಟ್ಟಣ ತರಿಸಿ ಎನ್ನಬಹುದಿತ್ತು. ಅನ್ನಲಿಲ್ಲ. ಎಂಟು ದಿನ ಅದೇ ಉಂಡೆ ಮಾಡಿಕೊಟ್ಟೆ, ಎಂಟು ದಿನವೂ ಅವಳು ಅದೇ ಮಾತು ಹೇಳಿದಳು. ಒಂಬತ್ತನೆಯ ದಿನ ಬೆಳಿಗ್ಗೆ ಕಾಫಿ ಕೊಡಲು ಹೋದಾಗ ಸೆರಗು ಬಾಯಲ್ಲೇ ಇತ್ತು, ಉಸಿರಿರಲಿಲ್ಲ.

ದೊಡ್ಡವ್ವನ ಶಿವಗಣಾರಾಧನೆಯ ದಿನ ಜಗಲಿಯ ತುಂಬ ಜನ. ದೊಡ್ಡಪ್ಪ ನಡುವೆ ಕೂತು, ದೊಡ್ಡಾಸ್ಪತ್ರೆಯ ಡಾಕ್ಟರ ಕೈಲಿ ಆಗದ್ದನ್ನು ತಮ್ಮ ಶಾಸ್ತ್ರ ಮಾಡಿತು, ಕೊನೆಯ ಎಂಟು ದಿನ ಅವಳಿಗೆ ಒಂದು ಚೂರು ನೋವಿರಲಿಲ್ಲ ಎಂದು ಬೀಜದಂಗಡಿಯವರಿಗೂ ಪೋಸ್ಟ್ ಮಾಸ್ಟರಿಗೂ ವಿವರಿಸುತ್ತಿದ್ದರು. ಆ ಬಾಯಿಗೆ ಏನಾದರೂ ತುರುಕಿ ಮುಚ್ಚಿಸಬೇಕು ಎಂದು ನನ್ನ ಮೈ ಉರಿಯಿತು. ಅಷ್ಟರಲ್ಲಿ ಅವರು ಎಲ್ಲರೆದುರು ನನ್ನತ್ತ ಬೆರಳು ತೋರಿಸಿ, ಹದ ತಪ್ಪದ ಹಾಗೆ ಮಾಡಿಕೊಟ್ಟವಳು ಇವಳೇ ಎಂದರು.

ಹೆಡತಲೆಯಿಂದ ಬಂದಿದ್ದ ದೊಡ್ಡವ್ವನ ತಂಗಿ ಎದ್ದು ಬಂದಳು. ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. "ಈ ಕೈಯಿಂದ ನಮ್ಮಕ್ಕಂಗೆ ನೋವು ಇಳೀತು ಕಣವ್ವ, ನೀನು ತಣ್ಣಗಿರು" ಎಂದಳು.

ಅವಳ ಕಣ್ಣೀರು ನನ್ನ ಬೆರಳ ಸಂದಿಯಲ್ಲಿ ಇಳಿಯುತ್ತಿತ್ತು. ನಾನು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.