ಅಕ್ಕ ಹೇಳಿದ ‘ಆತು’

ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ, ಅಮ್ಮನ ಹಾಡುಗಳಿದ್ದ ಹಾರ್ಡ್ ಡಿಸ್ಕ್ ತೆರೆಯಲಿಲ್ಲ. ಹೊಳನಗದ್ದೆಯ ನಮ್ಮ ಮನೆಯ ಕಂಪ್ಯೂಟರಿಗೆ ಹಿಂದಿನ ದಿನವಷ್ಟೇ ವಿಂಡೋಸ್ ತೆಗೆದು ಲಿನಕ್ಸ್ ಹಾಕಿದ್ದೆವು. ಗಂಟಲಿನ ಆಪರೇಷನ್ ಆದಮೇಲೆ ಅಮ್ಮ ಹಾಡುವುದಿಲ್ಲ. ಅವಳ ಗದ್ದೆ ನಾಟಿಯ ಹಾಡುಗಳಿಗೆ ಬೇರೆ ಪ್ರತಿಯೂ ಇರಲಿಲ್ಲ.

ಅಕ್ಕ ಭಟ್ಕಳದಲ್ಲಿದ್ದ ಭಾವನಿಗೆ ಫೋನ್ ಮಾಡಿ, ಅವರು ಹೇಳಿದ ಸಾಫ್ಟ್‌ವೇರ್ ಹಾಕಿದಳು. ಡಿಸ್ಕ್ ತೆರೆಯಿತು, ಆದರೆ ಅದರೊಳಗೆ ಹೊಸದೇನನ್ನೂ ಸೇರಿಸಲು ಬರುತ್ತಿರಲಿಲ್ಲ.

“ಮೊದ್ಲು ಹಾಡೆಲ್ಲ ಕಂಪ್ಯೂಟರಿಗೆ ಕಾಪಿ ಮಾಡು. ಆಮೇಲೆ ಡಿಸ್ಕ್ ಫಾರ್ಮ್ಯಾಟ್ ಮಾಡುವ, ಸರಿ ಆಗ್ತದೆ,” ಎಂದರು ಭಾವ.

ಅಕ್ಕ “ಆತು” ಎಂದು ಫೋನಿಟ್ಟು, ಬಟ್ಟೆ ಒಣಹಾಕಲು ಹೋದಳು. ಪಕ್ಕದ ಕೋಣೆಯಲ್ಲಿದ್ದ ನನಗೆ ಕೇಳಿದ್ದು ಆ ಒಂದು ಮಾತು ಮಾತ್ರ.

ಅರ್ಧ ಗಂಟೆ ಬಿಟ್ಟು ಭಾವ ಮತ್ತೆ ಫೋನ್ ಮಾಡಿದಾಗ ಎತ್ತಿದ್ದು ನಾನು.

“ಕಾಪಿ ಆತಾ?”

“ಆತು ಅಂದ್ಲು ಅಕ್ಕ.”

ಅವರು ಹೇಳಿದಂತೆ ಒಂದೊಂದೇ ಒತ್ತುತ್ತ ಹೋದೆ. ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ ಎಂಬ ಎಚ್ಚರಿಕೆ ಬಂತು. ಅದಕ್ಕೂ ಒಪ್ಪಿಗೆ ಒತ್ತಬೇಕು ಎನ್ನುವಾಗ ಅಕ್ಕ ಒಳಗೆ ಬಂದಳು.

“ಎಂತ ಮಾಡ್ತಿದ್ಯೆ?”

“ಫಾರ್ಮ್ಯಾಟ್. ಕಾಪಿ ಆತು ಅಂದ್ಯಲ್ಲೆ.”

“ಆಮೇಲೆ ಮಾಡ್ತೆ ಅಂತ ಆತು ಅಂದದ್ದು, ಮಾರಾಯ್ತಿ. ಕಾಲೇಜು ಓದಿದ್ದು ಇದಕ್ಕೇಯಾ?”

ಮೌಸಿನಿಂದ ಕೈ ತೆಗೆದೆ.

ಹಾಡುಗಳು ಅಂದೇ ಕಂಪ್ಯೂಟರಿಗೆ ಬಂದವು. ಆದರೂ ದಿನಾ ರಾತ್ರಿ ಕನಸಿನಲ್ಲಿ ನನ್ನ ಬೆರಳು ಆ ಒಪ್ಪಿಗೆಯನ್ನು ಒತ್ತಿಯೇ ಬಿಡುತ್ತಿತ್ತು. ಬೆಚ್ಚಿ ಎದ್ದು, ಒಂದಾದರೂ ಹಾಡು ತೆರೆದು ನೋಡಿ ಮಲಗುತ್ತಿದ್ದೆ. ಭಾನುವಾರ ಭಾವ ಬಂದು ಎಲ್ಲವನ್ನೂ ಇನ್ನೊಂದು ಡಿಸ್ಕಿಗೆ ಹಾಕಿಕೊಂಡು ಭಟ್ಕಳಕ್ಕೆ ಒಯ್ದರು. ಆ ದಿನ ಮಲಗಿದವಳು ಬೆಳಗಾಗುವವರೆಗೂ ಏಳಲಿಲ್ಲ.